ಕೌದಿಯ ಮೂಲೆಯ ಕಾಳು

ವಸ್ತುಸಂಗ್ರಹಾಲಯದ ಬಾಗಿಲಲ್ಲೇ ನುಸಿ ಗುಳಿಗೆಯ ವಾಸನೆ ಮೂಗಿಗೆ ಬಡಿದು ನನಗೆ ಸಿಟ್ಟು ಬಂತು. ನಮ್ಮ ಆಯಿಯ ಕೌದಿಗೆ ಆ ವಾಸನೆ ಎಂದೂ ಇರಲಿಲ್ಲ. ಒಲೆಯ ಹೊಗೆ, ಜೋಳದ ಹಿಟ್ಟು, ಹಾಸಿಗೆಯಲ್ಲಿ ಉಚ್ಚೆ ಹೊಯ್ದ ಮಕ್ಕಳು, ಬಿಸಿಲು ಎಲ್ಲ ಸೇರಿದ ವಾಸನೆ ಅದರದು. ಮೊಮ್ಮಕ್ಕಳೇ, ನೀವು ಅದನ್ನು ಹೊದೆಯಲು ಒಲ್ಲೆ ಎಂದಿರಿ. ಡೊಂಬಿವಲಿಯ ಈ ಎರಡು ಕೋಣೆಯ ಮನೆಯಲ್ಲಿ ಇಡಲು ಜಾಗವೂ ಇರಲಿಲ್ಲ. ಅದಕ್ಕೇ ಹೋದ ವರ್ಷ ಕಲ್ಯಾಣದ ಆ ಸಣ್ಣ ವಸ್ತುಸಂಗ್ರಹಾಲಯಕ್ಕೆ ಕೊಟ್ಟೆ. ಹಳೆಯ ಮನೆಗಳ ಬೀಸುವ ಕಲ್ಲು, ಬುಟ್ಟಿ, ಕಂದೀಲುಗಳನ್ನು ಅವರು ಕೂಡಿಡುತ್ತಾರೆ. ಮೊನ್ನೆ ನಿಮ್ಮೆಲ್ಲರಲ್ಲಿ ಸಣ್ಣವಳಾದ ಶ್ರೇಯಾಳನ್ನು ಕರೆದುಕೊಂಡು ನೋಡಲು ಹೋಗಿದ್ದೆ.

ಆಯಿ ಎಂದರೆ ನನ್ನ ಅಪ್ಪನ ತಾಯಿ. ವಿಜಯಪುರದ ಕಡೆಯ ನಮ್ಮ ಹಳ್ಳಿಯಲ್ಲಿ, ಬೇಸಿಗೆಯ ಮಧ್ಯಾಹ್ನ, ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಕೌದಿ ಹೊಲಿಯುತ್ತಿದ್ದಳು. ಅವಳ ಗಂಡ, ನಮ್ಮ ಮುತ್ಯಾನ ಧೋತರ, ಅವ್ವನ ಇಳಕಲ್ ಸೀರೆ, ನನ್ನ ಹರಿದ ಲಂಗ ಎಲ್ಲವೂ ಅದರೊಳಗೆ ಹೋದವು. ಕೊನೆಯ ಮೂಲೆಯನ್ನು ಮಾತ್ರ ಬಿಟ್ಟು, ಮನೆಯ ಎಲ್ಲರಿಗಿಂತ ಸಣ್ಣ ಮಗುವಿನ ಕೈಯಿಂದ ಐದು ಜೋಳದ ಕಾಳು ಹಾಕಿಸಿ, ಆಮೇಲೆ ಬಾಯಿ ಹೊಲಿಯುವುದು ನಮ್ಮ ಮನೆಯ ಪದ್ಧತಿ. "ಹಸಿದ ಕೌದಿ ನಿದ್ದಿ ಕೊಡೂದಿಲ್ಲವಾ," ಎನ್ನುತ್ತಿದ್ದಳು. ಆ ಸಲ ಸಣ್ಣವಳು ನಾನೇ. ನಾಲ್ಕು ಹಾಕಿ ಒಂದನ್ನು ಬಾಯಿಗೆ ಎಸೆದುಕೊಂಡೆ. "ಅದರ ಊಟದಾಗೂ ನಿನಗ ಪಾಲು ಬೇಕೇನ, ಹೊಟ್ಟಿಬಾಕಿ?" ಎಂದು ನಕ್ಕು, ಮತ್ತೊಂದು ಕಾಳಿಗೆ ಏಳಲಾರದೆ ಹಾಗೆಯೇ ಹೊಲಿದುಬಿಟ್ಟಳು. ಮದುವೆಯಾಗಿ ನಾನು ಈ ಕಡೆ, ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ಹತ್ತಿರದ ಚಾಳಿಗೆ ಬಂದಾಗ ಕೌದಿಯೂ ನನ್ನ ಜೊತೆ ಬಂತು. ನಿಮ್ಮ ಅಜ್ಜ ಕೊನೆಯ ಜ್ವರದಲ್ಲಿ ಹೊದ್ದದ್ದೂ ಅದನ್ನೇ.

ಈಗ ಅದು ಗೋಡೆಯ ಮೇಲೆ ನೇತಾಡುತ್ತಿತ್ತು, ಒಳಮೈ ಹೊರಗಾಗಿ. ಕೆಳಗೆ ಕೌದಿ ಎನ್ನದೆ 'ಗೋಧಡಿ' ಎಂದು ಬರೆದ ಮರಾಠಿ ಚೀಟಿ. ಅಷ್ಟನ್ನೂ ನುಂಗಿಕೊಂಡೆ. ಆದರೆ ಆ ಮೂಲೆಯನ್ನು ಬಿಚ್ಚಿದ್ದರು. ಅಲ್ಲಿ ಕೆಲಸಕ್ಕಿದ್ದ ಹುಡುಗಿಯನ್ನು ಕೇಳಲು ನನಗೆ ಬಾಯಿ ಬರದೆ ಶ್ರೇಯಾಳನ್ನು ತಿವಿದು ಕೇಳಿಸಿದೆ.

"ಆಜಿ, ದಾನಾ ರಹೇಗಾ ತೋ ಕೀಡಾ ಲಗೇಗಾ," ಎಂದಳು ಹುಡುಗಿ. ಕಾಳಿದ್ದರೆ ಹುಳ ಬೀಳುತ್ತದಂತೆ. ಇಷ್ಟು ವರ್ಷ ಬೀಳದ ಹುಳ ಇವರ ಎಸಿ ಕೋಣೆಯಲ್ಲಿ ಬೀಳುತ್ತದೆ. ಕಪಾಟಿನಿಂದ ನಂಬರ್ ಬರೆದ ಪ್ಲಾಸ್ಟಿಕ್ ಚೀಲವೊಂದನ್ನು ತಂದು ತೋರಿಸಿದಳು. ಒಳಗೆ ಕಪ್ಪಾದ ನಾಲ್ಕು ಕಾಳು.

"ತಿರುಗಿ ಒಳಗ ಹಾಕಂತ ಹೇಳವಾ," ಎಂದು ಶ್ರೇಯಾಳ ಕಿವಿಯಲ್ಲಿ ಹೇಳಿದೆ.

"ಜಾನೇ ದೋ ನಾ ಅಜ್ಜಿ, ಅಭೀ ಕೌನ್ ಓಢೇಗಾ?"

ಇನ್ನು ಯಾರು ಹೊದೆಯುತ್ತಾರೆ ಎಂದು ಕೇಳುತ್ತಾಳೆ, ಹೊದೆಯಲು ಒಲ್ಲೆ ಎಂದವಳು.

ನನ್ನ ಮುಖ ನೋಡಿದ ಆ ಹುಡುಗಿ ಕೌದಿಯನ್ನು ಇಳಿಸಿ, ಬಾಯಿಯನ್ನಾದರೂ ಹೊಲಿಯಿರಿ ಎಂದು ಸೂಜಿದಾರ ಕೊಟ್ಟಳು. ಹೊಲಿದೆ. ಕಾಳಿನ ಚೀಲ ಮೇಜಿನ ಮೇಲೆ, ಕೈಗೆ ಎಟಕುವಷ್ಟು ದೂರದಲ್ಲಿತ್ತು. ಕಾಳು ಹಾಕಲು ಮನೆಯ ಸಣ್ಣ ಮಗುವೂ ಪಕ್ಕದಲ್ಲೇ ನಿಂತಿತ್ತು, ಮೊಬೈಲ್ ನೋಡುತ್ತ. ನನಗೆ ಧೈರ್ಯವಾಗಲಿಲ್ಲ. ಕೊಟ್ಟ ದಿನವೇ ಈ ಪದ್ಧತಿಯನ್ನು ಹೇಳಬಹುದಿತ್ತು. ಹಳ್ಳಿಯವಳ ಮಾತು ಎಂದು ನಕ್ಕಾರೆಂದು ಸುಮ್ಮನಿದ್ದೆ. ಈಗ ಯಾರ ಮೇಲೆ ಸಿಟ್ಟಾಗಲಿ.

ನೀವು ಎಂದಾದರೂ ಅಲ್ಲಿಗೆ ಹೋದರೆ ಕೌದಿಯ ಕೆಳಗಿನ ಬಲಮೂಲೆಯನ್ನು ನೋಡಿ. ಕೆಂಪು ದಾರದ ಹೊಲಿಗೆ ನನ್ನದು, ಒಳಗೆ ಏನೂ ಇಲ್ಲ. ನಾಲ್ಕು ಕಾಳು ಅವರ ಕಪಾಟಿನಲ್ಲಿವೆ. ಐದನೆಯದನ್ನು ನಾನು ತಿಂದಿದ್ದೇನೆ. ಅದಕ್ಕೆ ಅವರು ನಂಬರ್ ಹಾಕಿಲ್ಲ.