ಜೋಡಿ ಹಾಡಿನ ಬೆಂಜಮಿನ್ ಅಂಕಲ್

ಬೆಂಜಮಿನ್ ಅಂಕಲ್‌ಗಿಂತ ಮೊದಲು ಅವರ ದನಿ ಬಸ್ಸು ಹತ್ತುತ್ತಿತ್ತು. ಆರ್.ಕೆ.ಪುರಂನ ನಮ್ಮ ಸೆಕ್ಟರ್‌ನ ಮೂಲೆಯಲ್ಲಿ, ಬೇವಿನ ಮರದ ಕೆಳಗೆ, ನಾವೆಲ್ಲ ಮಫ್ಲರ್ ಸುತ್ತಿಕೊಂಡು ನಡುಗುತ್ತ ನಿಂತಿರುವಾಗ ಎರಡು ಬ್ಲಾಕ್ ಆಚೆಯಿಂದ "ಸತ್‌ಪಾಲ್! ರುಕೋ ಭಯ್ಯಾ!" ಎಂಬ ಕೂಗು ಬರುತ್ತಿತ್ತು. ತುಂಬು ಕಂಠ. ಇಡೀ ಕ್ವಾರ್ಟರ್ಸ್ ಏಳುವಷ್ಟು ಜೋರು, ಆದರೂ ಯಾರಿಗೂ ಸಿಟ್ಟು ಬಾರದಷ್ಟು ಇಂಪು. ಡ್ರೈವರ್ ಸತ್‌ಪಾಲ್ ಎಂಜಿನ್ ಗುರುಗುಟ್ಟಿಸುತ್ತ ಅವರಿಗಾಗಿ ಕಾಯುತ್ತಿದ್ದ. ಅದೇ ನಾನು ಅರ್ಧ ನಿಮಿಷ ತಡಮಾಡಿದರೆ ಕೈಕೊಟ್ಟು ಹೋಗುತ್ತಿದ್ದ, ಪುಣ್ಯಾತ್ಮ.

ನೋಯ್ಡಾದಲ್ಲಿ ನನಗೆ ಕೆಲಸ ಸಿಕ್ಕಿ ಅಕ್ಕ-ಭಾವನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಬಂದು ಇಳಿದಿದ್ದೆ. ಭಾವ ಮೊದಲ ದಿನವೇ ನನ್ನನ್ನು ಈ ಚಾರ್ಟರ್ಡ್ ಬಸ್ಸಿಗೆ ಸೇರಿಸಿದರು. ಸೇರಿಸಿದರು ಎಂದೇ ಹೇಳಬೇಕು. ದೆಹಲಿಯ ಚಾರ್ಟರ್ಡ್ ಬಸ್ಸು ಎಂದರೆ ಬಸ್ಸಿಗಿಂತ ಹೆಚ್ಚಾಗಿ ಒಂದು ಬಳಗ. ತಿಂಗಳ ಪಾಸು, ಅದೇ ಜನ, ಅದೇ ಸೀಟು. ಯಾರ ಮಗ ಪಾಸಾದರೂ ಸಮೋಸಾ, ಯಾರಿಗೆ ಪ್ರಮೋಷನ್ ಆದರೂ ಲಡ್ಡು. ಸೀಟು ಬದಲಾಯಿಸುವುದು ಮಾತ್ರ ಮಹಾಪರಾಧ. ಮೊದಲ ದಿನ ನಾನು ತಿಳಿಯದೆ ಅಕೌಂಟ್ಸ್‌ನ ಮಿಸೆಸ್ ಅರೋರಾ ಅವರ ಸೀಟಿನಲ್ಲಿ ಕೂತು ಅವರ ಕೆಂಗಣ್ಣಿಗೆ ಗುರಿಯಾಗಿ, ಎದ್ದು ನಿಂತು, ಫೋನಿನಲ್ಲಿ ಅಮ್ಮನ ಹತ್ತಿರ ಗೋಳು ಹೇಳಿಕೊಳ್ಳುತ್ತಿದ್ದೆ. ಮುಂದಿನ ಸೀಟಿನಿಂದ ಬೋಳುತಲೆಯೊಂದು ತಿರುಗಿತು.

"ಯಾವೂರಮ್ಮ?"

"ಹಾಸನ."

"ನಾನು ಕೆಜಿಎಫ್. ಬಾ, ಕಿಟಕಿ ಸೀಟು ಇನ್ಮೇಲೆ ನಿಂದು."

ತಮ್ಮ ಕಿಟಕಿಯನ್ನೇ ಬಿಟ್ಟುಕೊಟ್ಟರು. ಅದು ಎಷ್ಟು ದೊಡ್ಡ ದಾನ ಎಂದು ಗೊತ್ತಾಗಲು ನನಗೆ ಒಂದು ಬೇಸಿಗೆ ಬೇಕಾಯಿತು.

ಅಂಕಲ್ ಕೇಂದ್ರ ಸರ್ಕಾರದ ಯಾವುದೋ ಇಲಾಖೆಯಲ್ಲಿ ಸೆಕ್ಷನ್ ಆಫೀಸರ್. ಅವರ ಕಚೇರಿ ನೋಯ್ಡಾಗೆ ಎತ್ತಂಗಡಿಯಾಗಿತ್ತು. ಆ ಕೆಲಸದ ಬಗ್ಗೆ ಅವರು ಮಾತೇ ಆಡುತ್ತಿರಲಿಲ್ಲ. ಅವರ ಪ್ರಾಣವೆಲ್ಲ ಹೆಗಲಿನ ಬಟ್ಟೆ ಚೀಲದಲ್ಲಿದ್ದ ಕ್ಯಾಸೆಟ್‌ಗಳಲ್ಲಿತ್ತು. ಎಲ್ಲವೂ ಮನೆಯಲ್ಲಿ ಕೂತು ತಾವೇ ಜೋಡಿಸಿ ರೆಕಾರ್ಡ್ ಮಾಡಿದವು. ದಿನಾ ಒಂದನ್ನು ಸತ್‌ಪಾಲ್‌ಗೆ ಕೊಟ್ಟು ಬಸ್ಸಿನ ಟೇಪಿನಲ್ಲಿ ಹಾಕಿಸುತ್ತಿದ್ದರು. ಮೊದಲು ಅವರ ಅಪ್ಪನ ಕಾಲದ ಒಂದು ಇಂಗ್ಲಿಷ್ ಹಾಡು: ಪಿಟೀಲುಗಳ ಸಾಲು, ಕೋಟು ತೊಟ್ಟು ಹಾಡಿದಂತೆ ಕೇಳುವ ನಯವಾದ ಗಂಡು ದನಿ. ಅದು ಮುಗಿದ ಕೂಡಲೇ ಅದೇ ಹಾಡು, ಆದರೆ ಮುಂದಿನ ತಲೆಮಾರಿನ ಉದ್ದಕೂದಲಿನ ಹುಡುಗರು ಗಿಟಾರು, ಡ್ರಮ್ಮು ಹಿಡಿದು ಹಾಡಿದ್ದು. ಇದಕ್ಕೆ ಅವರಿಟ್ಟ ಹೆಸರು ಜೋಡಿ ಹಾಡು.

ಜೋಡಿ ಹಾಡಿಗೆ ಕಟ್ಟುನಿಟ್ಟಾದ ನಿಯಮವಿತ್ತು. ಎರಡು ಹಾಡಿನ ನಡುವೆ ಯಾರೂ ತುಟಿ ಬಿಚ್ಚುವಂತಿಲ್ಲ. ಎರಡನೆಯದು ಮುಗಿದ ಮೇಲೆ ಅಂಕಲ್ ಎದ್ದು ನಿಂತು, ಒಂದು ಕೈಯಲ್ಲಿ ಕಂಬಿ ಹಿಡಿದು, "ಹಳೆಯದಕ್ಕೆ ಯಾರು? ಹೊಸದಕ್ಕೆ ಯಾರು?" ಎಂದು ಹಿಂದಿಯಲ್ಲಿ ಕೇಳುತ್ತಿದ್ದರು. ಎಲ್ಲರೂ ಕೈಯೆತ್ತಬೇಕು. ಇಂಗ್ಲಿಷ್ ಹಾಡಿನ ಗಂಧಗಾಳಿ ಇಲ್ಲದ ಗುಮಾಸ್ತರು, ಜಪಮಾಲೆ ಹಿಡಿದ ಹೆಂಗಸರು, ಎಲ್ಲರೂ ಗಂಭೀರವಾಗಿ ಮತ ಹಾಕುತ್ತಿದ್ದರು. ಆಶ್ರಮ್ ಚೌಕದ ಟ್ರಾಫಿಕ್ ಜಾಮಿನಲ್ಲಿ ಬಸ್ಸು ನಿಂತರೆ ಜಗಳವೂ ಆಗುತ್ತಿತ್ತು. ಮಿಸೆಸ್ ಅರೋರಾ ಯಾವಾಗಲೂ ಹಳೆಯದರ ಪಕ್ಷ. "ಯೇ ಲಡ್ಕೇ ಚಿಲ್ಲಾತೇ ಹೈಂ," ಈ ಹುಡುಗರು ಕಿರುಚುತ್ತಾರೆ ಎನ್ನುವುದು ಅವರ ಒಂದೇ ತೀರ್ಪು. ನಾನು ಕಣ್ಣುಮುಚ್ಚಿ ಹೊಸದಕ್ಕೆ ಕೈಯೆತ್ತುತ್ತಿದ್ದೆ. ಕುಣಿಯಲೆಂದು ಮಾಡಿದ ಒಂದು ಸರಳ ಹಾಡನ್ನು ಗೊಗ್ಗರು ಗಂಟಲಿನ ಹುಡುಗಿಯೊಬ್ಬಳು ಎಷ್ಟು ನಿಧಾನವಾಗಿ, ಎಷ್ಟು ಸುಸ್ತಾಗಿ ಹಾಡಿದ್ದಳೆಂದರೆ, ನಾನು ನೋಯ್ಡಾ ಬರುವವರೆಗೂ ಅಮ್ಮನನ್ನು ನೆನೆಸಿಕೊಂಡು ಮೂಗೊರೆಸಿಕೊಂಡಿದ್ದೆ.

"ಎಲ್ಲ ಹೊಸದೂ ಚೆನ್ನಾಗಿರಲ್ಲ ಶೈಲೂ," ಎನ್ನುತ್ತಿದ್ದರು ಅಂಕಲ್. "ಅಮ್ಮನ ರೇಷ್ಮೆ ಸೀರೆ ಮಗಳು ಉಟ್ಕೊಂಡು ಕಾಲೇಜ್ ಡೇಗೆ ಹೋಗ್ತಾಳಲ್ಲ, ಹಾಗೆ ಇದು. ಸೀರೆ ಅದೇ, ನಡಿಗೆ ಬೇರೆ. ಆದ್ರೆ ಅಮ್ಮ ಬಾಗಿಲಲ್ಲಿ ನಿಂತು ನೋಡಿದ್ರೆ ಖುಷಿ ಆಗ್ಬೇಕು, ಹೊಟ್ಟೆ ಉರೀಬಾರ್ದು."

ಈ ಹುಚ್ಚು ಅವರಿಗೆ ಹತ್ತಿದ್ದು ಅಪ್ಪನಿಂದ. ಅಪ್ಪ ಹಗಲು ಗಣಿಯ ಕಚೇರಿಯಲ್ಲಿ ಕಾರಕೂನ, ಶನಿವಾರ ಸಂಜೆ ಗಣಿಯ ಕ್ಲಬ್ಬಿನ ಡಾನ್ಸ್ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್. ಹೈಸ್ಕೂಲಿನಲ್ಲಿದ್ದಾಗ ಅಂಕಲ್ ಅದೆಲ್ಲಿಂದಲೋ ಒಂದು ರೆಕಾರ್ಡು ಸಾಲ ತಂದರಂತೆ. ಅಪ್ಪ ಪ್ರತಿ ಶನಿವಾರ ಊದುತ್ತಿದ್ದ ಹಾಡನ್ನೇ ಗಿಟಾರಿನ ಹುಡುಗರು ಬುಡಮೇಲು ಮಾಡಿದ್ದರು. ಮನೆಯಲ್ಲಿ ಯಾರೂ ಇಲ್ಲವೆಂದು ಹಾಕಿದರೆ, ಹಿಂದೆ ಅಪ್ಪ ನಿಂತಿದ್ದಾರೆ.

"ಬೆಲ್ಟ್ ಬಿಚ್ಚುತ್ತಾರೆ ಅಂದ್ಕೊಂಡೆ," ಎಂದು ಈ ಕಥೆಯನ್ನು ಹೇಳುವಾಗಲೆಲ್ಲ ಅಂಕಲ್ ತಮ್ಮ ಬೆನ್ನನ್ನೇ ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. "ಅಪ್ಪ ಗೋಡೆ ಕಡೆ ಮುಖ ಮಾಡಿ ಪೂರ್ತಿ ಕೇಳಿದ್ರು. ಆಮೇಲೆ, 'ಮಿಕ್ಕವರೆಲ್ಲ ಕೂಗಾಡ್ತಿದ್ದಾರೆ. ಆ ಬೇಸ್ ಗಿಟಾರ್ ನುಡಿಸೋನು ಮಾತ್ರ ಹಳೇ ಹಾಡನ್ನ ಕೇಳಿಸ್ಕೊಂಡಿದ್ದಾನೆ. ಇನ್ನೊಂದು ಸಲ ಹಾಕು' ಅಂದ್ರು. ಅಪ್ಪ ನನ್ನನ್ನ ದೊಡ್ಡವನ ಹಾಗೆ ಮಾತಾಡಿಸಿದ್ದು ಅದೇ ಮೊದ್ಲು ಕಣಮ್ಮ."

ಕ್ಯಾಸೆಟ್ ಸುತ್ತಿಕೊಂಡ ದಿನ ಅಂಕಲ್ ತಾವೇ ಎರಡನ್ನೂ ಹಾಡುತ್ತಿದ್ದರು. ನಿಜ ಹೇಳಬೇಕೆಂದರೆ ಆ ದಿನಗಳಿಗಾಗಿ ನಾವೆಲ್ಲ ಕಾಯುತ್ತಿದ್ದೆವು. ಒಂದು ಹಾಡಿನ ಕೊನೆಯಲ್ಲಿ ಅವರು ಮೆಟ್ಟಿಲು ಹತ್ತಿದಂತೆ ಸ್ವರದಿಂದ ಸ್ವರಕ್ಕೆ ಮೇಲೆ ಹೋಗಿ, ತುದಿಯಲ್ಲಿ ನಿಂತು, ಸತ್‌ಪಾಲ್ ಕನ್ನಡಿಯಲ್ಲಿ ನಕ್ಕ ಮೇಲೆಯೇ ಕೆಳಗಿಳಿಯುತ್ತಿದ್ದರು.

ಮೂರನೇ ಚಳಿಗಾಲದಲ್ಲಿ ಆ ದನಿ ಒಡೆಯಿತು. ದೆಹಲಿಯ ಮಂಜು, ಹೊಗೆ ಎಂದು ಎಲ್ಲರೂ ಶುಂಠಿ, ಮುಲೇಠಿ ಎಂಬ ಜೇಷ್ಠಮಧು ತಂದುಕೊಟ್ಟರು. ಹೋಳಿ ಕಳೆದರೂ ಸರಿಹೋಗಲಿಲ್ಲ. ಕಡೆಗೆ ಅವರ ಹೆಂಡತಿ ಗ್ರೇಸ್ ಆಂಟಿ ಜಬರದಸ್ತಿನಿಂದ ಆಸ್ಪತ್ರೆಗೆ ಎಳೆದುಕೊಂಡು ಹೋದರು. ಧ್ವನಿಪೆಟ್ಟಿಗೆಯಲ್ಲಿ ಗಂಟು. ತೆಗೆಯಬೇಕು, ಪರೀಕ್ಷೆಗೆ ಕಳಿಸಬೇಕು. ಕೆಟ್ಟ ಗಂಟಾಗಿದ್ದರೆ ಪೆಟ್ಟಿಗೆಯನ್ನೇ ತೆಗೆಯಬೇಕಾಗಬಹುದು ಎಂದರಂತೆ ಡಾಕ್ಟರು. ಅಂಕಲ್ ಇದನ್ನು ನನಗೆ ಹೇಳಿ, "ಜೀವ ಉಳಿಯುತ್ತಂತೆ, ಅದೇನೋ ಸರಿ," ಎಂದರು. ನಾನು ಕಿಟಕಿಯಾಚೆ ಯಮುನೆಯ ಕಪ್ಪು ನೀರು ನೋಡುತ್ತ ಕೂತೆ.

ಆಪರೇಷನ್ ಆಯಿತು. ವರದಿ ಬರುವವರೆಗೂ, ಆಮೇಲೆ ಡಾಕ್ಟರು ಒಪ್ಪುವವರೆಗೂ ಒಂದಕ್ಷರ ಮಾತಾಡಕೂಡದು, ಪಿಸುಗುಟ್ಟಲೂ ಕೂಡದು. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆಂದು ಅಂಕಲ್ ಮುಂದಿನ ವಾರವೇ ಬಸ್ಸಿಗೆ ಬಂದರು. ಗ್ರೇಸ್ ಆಂಟಿ ಕರೋಲ್ ಬಾಗ್‌ನಿಂದ ತಂದ ಮಕ್ಕಳ ಸ್ಲೇಟೊಂದು ಕೊರಳಲ್ಲಿ ನೇತಾಡುತ್ತಿತ್ತು. ಅವರು ಬರುವ ಮುನ್ನವೇ ಮಿಸೆಸ್ ಅರೋರಾ ಬಸ್ಸಿನಲ್ಲಿ ಸಭೆ ನಡೆಸಿ ಮುಗಿಸಿದ್ದರು. ಹಾಡು ಕೇಳಿದರೆ ಪಾಪ ಆ ಮನುಷ್ಯನ ಎದೆ ಒಡೆಯುತ್ತದೆ, ಆದ್ದರಿಂದ ಹಾಡು ಬಂದ್. ಅವರು ಮಾತಾಡದಿರುವಾಗ ನಾವು ಹರಟುವುದೂ ಸರಿಯಲ್ಲ. ಸತ್‌ಪಾಲ್ ಬೆಳಗಿನ ಭಜನೆಯನ್ನೂ ನಿಲ್ಲಿಸಿದ. ಯಾರದೋ ಮಗಳ ನಿಶ್ಚಿತಾರ್ಥದ ಲಡ್ಡುವನ್ನು ಕೂಡ ತಲೆತಗ್ಗಿಸಿ, ಸದ್ದಿಲ್ಲದೆ ಹಂಚಿ ತಿಂದೆವು. ಇಷ್ಟೊಂದು ಜನ ಇಷ್ಟೊಂದು ಪ್ರೀತಿಯಿಂದ ಒಬ್ಬ ಮನುಷ್ಯನಿಗೆ ಇಷ್ಟೊಂದು ಹಿಂಸೆ ಕೊಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಅಂಕಲ್ ನಾಲ್ಕೈದು ದಿನ ಸಹಿಸಿಕೊಂಡರು. ದಿನದಿನಕ್ಕೆ ಮುಖ ಚಿಕ್ಕದಾಗುತ್ತಿತ್ತು. ಒಂದು ಬೆಳಿಗ್ಗೆ ಸ್ಲೇಟಿನಲ್ಲಿ ಬರೆದು ನನಗೆ ತೋರಿಸಿದರು: "ನನ್ನ ಕ್ಯಾಸೆಟ್ ಎಲ್ಲರಿಗೂ ಬೇಜಾರಾಗಿತ್ತಾ? ಮೊದಲೇ ಹೇಳಬಾರದಿತ್ತಾ?" ನಾನು ಗಾಬರಿಯಾಗಿ ಎಲ್ಲ ಬಾಯಿಬಿಟ್ಟೆ. ಅವರು ಕಣ್ಣರಳಿಸಿ ಕೇಳಿದರು. ಆಮೇಲೆ ಎದ್ದು ನಿಂತು, ಹಿಂದಿಯಲ್ಲಿ ದಪ್ಪಕ್ಷರದಲ್ಲಿ ಬರೆದು, ಸ್ಲೇಟನ್ನು ತಲೆಯ ಮೇಲೆತ್ತಿ ಇಡೀ ಬಸ್ಸಿಗೆ ತೋರಿಸಿದರು.

"ಕೌನ್ ಮರಾ ಹೈ?"

ಸತ್ತವರು ಯಾರು ಎಂಬ ಪ್ರಶ್ನೆ. ಮೊದಲು ನಕ್ಕವರು ಮಿಸೆಸ್ ಅರೋರಾ. ನಗುತ್ತ ನಗುತ್ತ ಅತ್ತೂಬಿಟ್ಟರು. ಅಂಕಲ್ ಚೀಲದಿಂದ ಕ್ಯಾಸೆಟ್ ತೆಗೆದು ಸತ್‌ಪಾಲ್‌ಗೆ ಕೊಟ್ಟರು, ಅವನು ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದ. ಅವತ್ತು ಜಗಳವೂ ಜೋರಾಗಿಯೇ ಆಯಿತು.

ವರದಿಯ ಸುದ್ದಿ ಬಂದಾಗ ನಾನು ಆಫೀಸಿನಲ್ಲಿದ್ದೆ. "ಏನೂ ಇಲ್ವಂತೆ ಶೈಲೂ, ಬರೀ ಗಂಟಂತೆ," ಎಂದು ಗ್ರೇಸ್ ಆಂಟಿ ಫೋನಿನಲ್ಲಿ ಬಿಕ್ಕಿದರು. ಹಿಂದೆ ಅಂಕಲ್ ಏನೋ ಬಡಿಯುತ್ತಿದ್ದ ಸದ್ದು. "ಸ್ಟೀಲ್ ಡಬ್ಬಿ ಮೇಲೆ ತಾಳ ಹಾಕ್ತಿದ್ದಾರೆ ನಿಮ್ಮಂಕಲ್, ಮನೆಯೆಲ್ಲ ರಂಪ." ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎದೆ ಹತ್ತಿಯಷ್ಟು ಹಗುರ.

ಮಾತು ಮರಳಿತು, ಸ್ವಲ್ಪ ಗೊರಗೊರ, ಸ್ವಲ್ಪ ತಗ್ಗು. ಹಾಡು ಮರಳಲಿಲ್ಲ. ಡಾಕ್ಟರು ಹಾಡಬಹುದು ಎಂದ ಮೇಲೂ ಅಂಕಲ್ ಕ್ಯಾಸೆಟ್ ಹಾಕಿ ಸುಮ್ಮನೆ ಕೂರುತ್ತಿದ್ದರು. ನಾನು ಪೀಡಿಸಿದರೆ, "ಹೆದರಿಕೆ ಕಣಮ್ಮ. ಬಾಯಿ ತೆಗೆದ್ರೆ ಏನು ಬರುತ್ತೋ," ಎನ್ನುತ್ತಿದ್ದರು. ವರ್ಷ ಕಳೆಯಿತು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಅವರ ನಿವೃತ್ತಿಯ ದಿನ. ಆಮೇಲೆ ಅವರು ಮಗಳಿದ್ದ ಮೈಸೂರಿಗೆ ಹೊರಟುಹೋದರು. ಆ ಬೆಳಿಗ್ಗೆ ಗ್ರೇಸ್ ಆಂಟಿಯೂ ಪ್ಲಮ್ ಕೇಕಿನ ಡಬ್ಬಿ ಹಿಡಿದು ಬಸ್ಸಿಗೆ ಬಂದು ನನ್ನ ಪಕ್ಕ ಕೂತಿದ್ದರು. ಹಾರ, ಶಾಲು, ಸಮೋಸಾ ಎಲ್ಲ ಆಯಿತು. ಬಸ್ಸು ಯಮುನೆ ದಾಟುವಾಗ ಅಂಕಲ್ ಎದ್ದು ಕಂಬಿ ಹಿಡಿದರು. ಭಾಷಣ ಎಂದುಕೊಂಡೆವು. ಅವರು ಹಾಡಲು ಶುರುಮಾಡಿದರು, ಆ ಮೆಟ್ಟಿಲಿನ ಹಾಡನ್ನೇ. ಗ್ರೇಸ್ ಆಂಟಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು, "ಬೇಡ ಅನ್ನು ಶೈಲೂ, ಮೇಲೆ ಹೋಗೋಕಾಗಲ್ಲ ಅವರಿಗೆ," ಎಂದು ಪಿಸುಗುಟ್ಟಿದರು.

ದನಿ ಒರಟಾಗಿತ್ತು, ನಡುನಡುವೆ ಗಾಳಿ ಸೋರುತ್ತಿತ್ತು. ಕೊನೆಯ ಜಾಗ ಬಂದಾಗ ಅಂಕಲ್ ನಿಂತರು. ಬಸ್ಸೆಲ್ಲ ಉಸಿರು ಬಿಗಿಹಿಡಿದು ಕೂತಿತು. ಅವರು ಮೇಲೆ ಹೋಗಲೇ ಇಲ್ಲ. ಆತುರವಿಲ್ಲದೆ ಕೆಳಗಿಳಿದರು, ಇನ್ನೂ ಕೆಳಗೆ, ಅವರಲ್ಲಿ ಇದೆಯೆಂದು ನಮಗೆ ಯಾರಿಗೂ ಗೊತ್ತೇ ಇರದ ಒಂದು ಸ್ವರಕ್ಕೆ ಹೋಗಿ ಅಲ್ಲಿ ಹಾಯಾಗಿ ನೆಲೆನಿಂತರು. ಗ್ರೇಸ್ ಆಂಟಿಯ ಹಿಡಿತ ಸಡಿಲವಾಯಿತು. "ಅಯ್ಯೋ, ಇದು ಚೆನ್ನಾಗೇ ಇದೆಯಲ್ಲೇ," ಎಂದರು, ಅಳುತ್ತ, ನಗುತ್ತ.

ಇನ್ನೊಂದು, ಇನ್ನೊಂದು ಎಂದು ಬಸ್ಸು ಕೂಗಿತು. ಅಂಕಲ್ ಹಾಡುತ್ತಲೇ ಹೋದರು. ಅವರ ಕಚೇರಿ ಹಿಂದಾಯಿತು, ಮಿಸೆಸ್ ಅರೋರಾ ಅವರದು ಹಿಂದಾಯಿತು, ನನ್ನದೂ ಹಿಂದಾಯಿತು. ಸತ್‌ಪಾಲ್ ನಿಲ್ಲಿಸಲಿಲ್ಲ, ನಿಲ್ಲಿಸು ಎಂದು ಯಾರೂ ಹೇಳಲೂ ಇಲ್ಲ. ಕೊನೆಯ ಸ್ಟಾಪಿನ ಖಾಲಿ ಮೈದಾನದಲ್ಲಿ ಬಸ್ಸು ತಾನಾಗಿ ನಿಂತಾಗಲೇ ಎಲ್ಲರೂ ಗಡಿಯಾರ ನೋಡಿಕೊಂಡದ್ದು.

ಆಫೀಸಿನಲ್ಲಿ ಮೀಟಿಂಗ್ ಮುಗಿದೇ ಹೋಗಿತ್ತು. ಯಾಕೆ ತಡ ಎಂದು ಮ್ಯಾನೇಜರ್ ಗಡಸಾಗಿ ಕೇಳಿದರು. ಟ್ರಾಫಿಕ್ ಎಂದಿದ್ದರೆ ನಂಬುತ್ತಿದ್ದರು.

"ಅಂಕಲ್ ಹಾಡಿದ್ರು ಸರ್," ಎಂದೆ.