ಬಿಡುಗಡೆ ಕೇಳಿದರೆ ಶಾಲು ಹೊದಿಸಿದರು

ನಮ್ಮ ತಾರಸಿ ತೋಟದ ಬಳಗದ ಪತ್ರಿಕೆಯನ್ನು ಎಂಟು ವರ್ಷ ನಾನೊಬ್ಬಳೇ ಹೊರತಂದೆ. ತಿಂಗಳಿಗೊಂದು, ನಾಲ್ಕು ಪುಟ. ಬರೆಯುವವಳೂ ನಾನೇ, ಟೈಪ್ ಮಾಡುವವಳೂ ನಾನೇ. ವಿಜಯನಗರದ ಮಾರ್ಕೆಟ್ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿ ನಿಂತು ಪ್ರತಿ ತೆಗೆಸಿ, ಮಡಚಿ, ಸ್ಟಾಂಪ್ ಅಂಟಿಸುವವಳೂ ನಾನೇ. ಆಮೇಲೆ ಎಲ್ಲರಿಗೂ ವೆಬ್‌ಸೈಟ್ ಹುಚ್ಚು ಹತ್ತಿತು. ಅದನ್ನೂ ಸೈಬರ್ ಸೆಂಟರಿನಲ್ಲಿ ಕೂತು ಕಲಿತೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನಮ್ಮ ಕನ್ನಡ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರವಾಗಿ ಕಾಣುತ್ತಿತ್ತು. ಅದಕ್ಕೂ ನನಗೇ ಫೋನ್ ಮಾಡಿ ಬೈಯುತ್ತಿದ್ದರು.

ಆಫೀಸಿನಲ್ಲಿ ಇಡೀ ದಿನ ಟೈಪಿಂಗ್, ಭಾನುವಾರ ಮತ್ತೆ ಅದೇ. ಬಲಗೈ ಮಣಿಕಟ್ಟು ಊದಿಕೊಂಡು, ಚಪಾತಿ ಲಟ್ಟಿಸುವುದಕ್ಕೂ ಆಗದೆ ಹೋಯಿತು. ಡಾಕ್ಟರು, "ಒಂದು ಕೆಲಸ ಬಿಡಿ ಅಮ್ಮ. ಸಂಬಳದ್ದು ಬಿಡೋಕಾಗಲ್ಲ, ಇನ್ನೊಂದು ಬಿಡಿ" ಅಂದರು. ನಾನು ಯೋಚನೆ ಮಾಡಿದ್ದೂ ಅದನ್ನೇ.

ಬಸವೇಶ್ವರನಗರದ ಒಂದು ಶಾಲೆಯ ಹಾಲಿನಲ್ಲಿ ನಮ್ಮ ಸಭೆ. ನಾನು ಎದ್ದು ನಿಂತು, "ಇನ್ನು ಮೇಲೆ ನನ್ನ ಕೈಲಾಗಲ್ಲ. ಪತ್ರಿಕೆ, ವೆಬ್‌ಸೈಟ್ ಎರಡನ್ನೂ ಯಾರಾದ್ರೂ ವಹಿಸ್ಕೊಳ್ಳಿ, ನಾನೇ ಹೇಳಿಕೊಡ್ತೀನಿ" ಅಂದೆ. ಎಲ್ಲರ ಕಣ್ಣೂ ಚಪ್ಪಲಿಗಳ ಮೇಲೆ. ಒಬ್ಬರಿಗೆ ಮಗಳ ಪರೀಕ್ಷೆ, ಇನ್ನೊಬ್ಬರಿಗೆ ಮನೆ ಕಟ್ಟಿಸುವ ಗಲಾಟೆ. ನಮ್ಮ ಅಧ್ಯಕ್ಷರು ನಿವೃತ್ತ ಎಂಜಿನಿಯರ್. ಅವರು ನಗುತ್ತಾ, "ನೀವಿದ್ದೀರಲ್ಲ ಮೇಡಂ, ನಮಗೇನು ಚಿಂತೆ?" ಅಂದರು. ಹಾಲೆಲ್ಲ ಚಪ್ಪಾಳೆ.

ಮುಂದಿನ ತಿಂಗಳ ಸಭೆಯಲ್ಲಿ ಉತ್ತರ ಸಿಗುತ್ತದೆ ಅಂದುಕೊಂಡು ಹೋದೆ. ವೇದಿಕೆ ಮೇಲೆ ಕುರ್ಚಿ ಹಾಕಿದ್ದರು. ನನ್ನನ್ನು ಕೂರಿಸಿ, ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. "ಇವರ ಸೇವೆ ಹೀಗೇ ಮುಂದುವರಿಯಲಿ" ಅಂತ ಭಾಷಣ. ಬುಟ್ಟಿ ಭಾರಕ್ಕೆ ಮಣಿಕಟ್ಟು ಚುರ್ ಅಂತಿತ್ತು. ನಾನು ನಕ್ಕೆ. ಆ ಫೋಟೋ ಈಗಲೂ ಇದೆ, ನೋಡಿದರೆ ನನ್ನ ಕೆನ್ನೆಗೇ ಬಾರಿಸಬೇಕು ಅನ್ನಿಸುತ್ತದೆ.

ಆ ತಿಂಗಳ ಕೊನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದೆ: "ಇದು ನಾನು ತರುವ ಕೊನೆಯ ಸಂಚಿಕೆ." ಪ್ರೂಫ್ ಅಧ್ಯಕ್ಷರಿಗೆ ಕಳಿಸುವ ಪದ್ಧತಿ ಇತ್ತು. ವಾಪಸ್ ಬಂದಾಗ ಆ ಸಾಲಿಗೆ ಕಾಟು ಹೊಡೆದು, ಪಕ್ಕದಲ್ಲಿ "ಇಲ್ಲಿ ಸನ್ಮಾನದ ಫೋಟೋ ಹಾಕಿ" ಅಂತ ಬರೆದಿದ್ದರು. ನಾನು ಸಾಲನ್ನೂ ಹಾಕಲಿಲ್ಲ, ಫೋಟೋವನ್ನೂ ಹಾಕಲಿಲ್ಲ. ಜೆರಾಕ್ಸ್ ಅಂಗಡಿಗೇ ಹೋಗಲಿಲ್ಲ.

ಎರಡು ತಿಂಗಳು ಪತ್ರಿಕೆ ಇಲ್ಲ. ಫೋನುಗಳು ಶುರುವಾದವು. ಕೈ ಹೇಗಿದೆ ಅಂತ ಯಾರೂ ಕೇಳಲಿಲ್ಲ. ಒಬ್ಬರಂತೂ, "ನಮ್ಮ ದಾಸವಾಳದ ಫೋಟೋ ಕೊಟ್ಟಿದ್ನಲ್ಲ ಮೇಡಂ, ಬಾಡೋಗೋ ಅಷ್ಟರಲ್ಲಿ ಹಾಕ್ಬೇಡ್ವಾ?" ಅಂದರು. "ಫೋಟೋ ಬಾಡಲ್ಲ ಸಾರ್" ಅಂದು ಫೋನ್ ಕುಕ್ಕಿದೆ.

ಒಂದು ಭಾನುವಾರ ಬೆಳಿಗ್ಗೆ ಮನೆ ಬಾಗಿಲಿಗೆ ಒಬ್ಬ ಹೆಂಗಸು ಬಂದಳು. ಬ್ಯಾಡರಹಳ್ಳಿಯವಳು, ಮೂಲ ಗದಗದ ಕಡೆ. ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ವರ್ಷದಿಂದ ನಮ್ಮ ಸಭೆಗೆ ಬಂದು ಕೊನೇ ಸಾಲಿನಲ್ಲಿ ಕೂರುತ್ತಿದ್ದಳು. ನಾನು ಅವಳ ಜೊತೆ ಒಂದು ಮಾತೂ ಆಡಿರಲಿಲ್ಲ.

"ಅಕ್ಕಾರ, ಪತ್ರಿಕಿ ನಾ ಮಾಡ್ಲೇನ್ರಿ? ಮದಿವಿಗಿಂತ ಮೊದ್ಲ ಪ್ರೆಸ್‌ನ್ಯಾಗ ಮೂರು ವರ್ಷ ಟೈಪ್ ಮಾಡೀನಿ."

ನನಗೆ ಖುಷಿಗಿಂತ ಮೊದಲು ಸಿಟ್ಟೇ ಬಂತು. "ಸಭೇಲಿ ಕೇಳಿದಾಗ ಯಾಕೆ ಸುಮ್ನಿದ್ರಿ?"

ಅವಳು ನನ್ನನ್ನೇ ನೋಡಿದಳು. "ಸುಮ್ನ ಎಲ್ಲಿದ್ದೆ ಅಕ್ಕಾರ? ಕೈ ಎತ್ತಿದ್ದೆ. ನೀವು ನೋಡಿದ್ರಿ. ನೋಡಿ, ಮುಂದಿನ ಸಾಲಿನವರ ಕಡೆ ತಿರುಗಿದ್ರಿ."

ನಿಜ. ನೋಡಿದ್ದೆ. ನೀರು ಕೇಳುತ್ತಿರಬೇಕು, ಇಲ್ಲ ಬೇಗ ಹೊರಡಬೇಕೇನೋ ಅಂದುಕೊಂಡಿದ್ದೆ. ರೊಟ್ಟಿ ಮಾರುವವಳು ಪತ್ರಿಕೆ ಮಾಡಬಲ್ಲಳು ಅನ್ನುವುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅಧ್ಯಕ್ಷರ ಮೇಲೆ ಮಾಡಿಕೊಂಡಿದ್ದ ಸಿಟ್ಟೆಲ್ಲ ಒಂದು ಗಳಿಗೆ ನನ್ನ ಕಡೆಗೇ ತಿರುಗಿತು. ಒಳಗೆ ಕರೆದು, ಕಾಫಿ ಕೊಟ್ಟು, ಕ್ಷಮಿಸಿ ಅಂದೆ. "ಇರ್ಲಿ ಬಿಡ್ರಿ" ಅಂದಳು. ಆದರೆ ನಿಮ್ಮ ತಪ್ಪೇನೂ ಇಲ್ಲ ಅನ್ನಲಿಲ್ಲ.

ಅಧ್ಯಕ್ಷರಿಗೆ ಫೋನಿನಲ್ಲಿ ತಿಳಿಸಿದೆ. ಅವರು ಗಂಟಲು ಸರಿಮಾಡಿಕೊಂಡರು. "ಒಳ್ಳೇದೇ ಮೇಡಂ. ಆದ್ರೆ ಅವ್ರ ಭಾಷೆ ಸ್ವಲ್ಪ... ಒಂದು ಸ್ಟ್ಯಾಂಡರ್ಡ್ ಇರುತ್ತಲ್ಲ? ಅವ್ರು ಟೈಪ್ ಮಾಡ್ಲಿ, ನೀವು ತಿದ್ದಿಬಿಡಿ."

"ಎರಡು ತಿಂಗಳು ಪತ್ರಿಕೆ ನಿಂತೇ ಹೋಗಿತ್ತಲ್ಲ ಸಾರ್, ಆಗೆಲ್ಲಿತ್ತು ನಿಮ್ಮ ಸ್ಟ್ಯಾಂಡರ್ಡು? ಅವರೇ ಬರೀತಾರೆ, ಅವರೇ ತಿದ್ಕೋತಾರೆ. ಪಾಸ್‌ವರ್ಡ್ ಆಗ್ಲೇ ಕೊಟ್ಟಾಯ್ತು" ಅಂದೆ. ಇನ್ನೂ ಕೊಟ್ಟಿರಲಿಲ್ಲ. ಫೋನ್ ಇಟ್ಟವಳೇ ಒಂದು ಚೀಟಿಯಲ್ಲಿ ಬರೆದು, ಮಾಗಡಿ ರಸ್ತೆಯ ಬಸ್ ಹತ್ತಿ ಅವಳ ಮನೆಗೇ ಹೋಗಿ ಕೈಗಿಟ್ಟೆ.

ಅವಳ ಮೊದಲ ಸಂಚಿಕೆಯಲ್ಲಿ ಪುಂಡಿಪಲ್ಯವನ್ನು, ಅಂದರೆ ಗೋಂಗುರ ಸೊಪ್ಪನ್ನು, ಗೋಣಿಚೀಲದಲ್ಲಿ ಬೆಳೆಯುವ ಬಗ್ಗೆ ಅವಳದೇ ಮಾತಿನಲ್ಲಿ ಒಂದು ಲೇಖನವಿತ್ತು. ನಾನು ಎಂಟು ವರ್ಷದಲ್ಲಿ ಬರೆದ ಯಾವುದಕ್ಕಿಂತಲೂ ಚೆನ್ನಾಗಿತ್ತು. ಓದಿ ಸ್ವಲ್ಪ ಹೊಟ್ಟೆಯುರಿದದ್ದೂ ನಿಜ. ಅಧ್ಯಕ್ಷರು ತಮ್ಮ ಬರಹವನ್ನು ಯಾವಾಗಿನಂತೆ ವಾರ ತಡವಾಗಿ ಕೊಟ್ಟರಂತೆ. ನಾನಾಗಿದ್ದರೆ ಪುಟ ಬಿಟ್ಟುಕೊಂಡು ಕಾಯುತ್ತಿದ್ದೆ. ಅವಳು ಆ ಜಾಗಕ್ಕೆ ಮೆಂತ್ಯಸೊಪ್ಪಿನ ಚಿತ್ರ ಹಾಕಿ ಪತ್ರಿಕೆ ಕಳಿಸಿಬಿಟ್ಟಿದ್ದಳು.

ಮುಂದಿನ ಸಭೆಯಲ್ಲಿ ಎದ್ದು ನಿಂತ ಅವಳು, ಯಾರಾದರೂ ಬನ್ನಿ ಅಂತ ನನ್ನಂತೆ ಕೇಳಲಿಲ್ಲ. ಬೆರಳು ತೋರಿಸಿದಳು. "ನೀವು ಮಡಚೋದು ನೋಡ್ಕೋರಿ. ನೀವು ಅಂಚಿಗೆ ಹಾಕೋದು. ನಿಮ್ಮ ಮನಿಯಾಗ ಕಂಪ್ಯೂಟರ್ ಐತಿ, ವೆಬ್‌ಸೈಟ್ ನೀವು." ಮಗಳ ಪರೀಕ್ಷೆಯವರು, ಮನೆ ಕಟ್ಟಿಸುವವರು, ಎಲ್ಲರೂ ತಲೆಯಾಡಿಸಿದರು. ಹತ್ತು ನಿಮಿಷದಲ್ಲಿ ಮುಗಿಯಿತು.

ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಮೈಯೆಲ್ಲ ಉರಿಯಿತು. ಹತ್ತು ನಿಮಿಷದ ಕೆಲಸ! ಎಂಟು ವರ್ಷ ನಾನು ಯಾರಿಗೂ ಬೆರಳು ತೋರಿಸಿರಲಿಲ್ಲ. "ನಿಮ್ಮಷ್ಟು ಚೆನ್ನಾಗಿ ಯಾರು ಮಾಡ್ತಾರೆ" ಅನ್ನುವ ಮಾತು ಕೇಳುವುದಕ್ಕೆ ನನಗೂ ಹಿತವಾಗಿತ್ತು, ಅದು ಅವರಿಗೂ ಗೊತ್ತಿತ್ತು. ಸಭೆ ಮುಗಿದ ಮೇಲೆ ಅಧ್ಯಕ್ಷರು ಹತ್ತಿರ ಬಂದು, "ನೋಡಿದ್ರಾ ಮೇಡಂ, ನಮ್ಮ ಬಳಗದಲ್ಲಿ ಎಂಥ ಸಹಕಾರ!" ಅಂದರು. ನಾನು ಬ್ಯಾಗ್ ಎತ್ತಿಕೊಂಡು ಹೊರಗೆ ನಡೆದೆ.