ಆಯಿಯ ತಂಗಿಯ ಕಣ್ಣು

ನನ್ನದು ಬೆಕ್ಕಿನ ಕಣ್ಣು. ಬೆಟಗೇರಿಯ ನಮ್ಮ ನೇಕಾರರ ಓಣಿಯಲ್ಲಿ ಅಂಥ ಕಣ್ಣು ಇನ್ನಾರಿಗೂ ಇರಲಿಲ್ಲ. ಅಪ್ಪ, ಅವ್ವ ಇಬ್ಬರದೂ ಕರಿಗಣ್ಣು.

"ಇದು ನಿನ್ನ ತವರಿನ ಕಣ್ಣು. ನಮ್ಮ ಕಡೆ ಇಂಥಾವ ಇಲ್ಲ" ಎಂದು ಅಪ್ಪನ ತಾಯಿ ಆಗಾಗ ಅವ್ವನಿಗೆ ಅನ್ನುತ್ತಿದ್ದಳು. ಅವಳನ್ನು ನಾವು ಆಯಿ ಎಂದು ಕರೆಯುತ್ತಿದ್ದೆವು. ಮುಂಡರಗಿಯಲ್ಲಿದ್ದ ಅವ್ವನ ಅಜ್ಜನದು ಬೆಕ್ಕಿನ ಕಣ್ಣೆಂಬುದು ಖರೆ. ಅದಕ್ಕೇ ಅವ್ವ ಮರುಮಾತಾಡದೆ ರಾಟಿ ತಿರುಗಿಸಿ ನೂಲು ಸುತ್ತುತ್ತ ಕೂಡುತ್ತಿದ್ದಳು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹತ್ತನೆಯ ತರಗತಿಗೆ ಬಂದೆ. ಒಂದು ಮಧ್ಯಾಹ್ನ ವಿಜ್ಞಾನದ ಅಕ್ಕೋರು ಹಲಗೆಯ ಮೇಲೆ ಬಟಾಣಿ ಬಳ್ಳಿ ಬರೆದು ಅನುವಂಶೀಯತೆಯ ಪಾಠ ಹೇಳುತ್ತಿದ್ದರು. ಹೊರಗೆ ಬಿಸಿಲು, ಒಳಗೆ ಅರ್ಧ ತರಗತಿಗೆ ಜೊಂಪು.

"ಕೆಲವು ಗುಣ ಕಾಣೂದಿಲ್ಲ. ಕಾಣಲಿಲ್ಲಂತ ಅವು ಹೋಗಿರೂದಿಲ್ಲ. ಒಂದೆರಡು ತಲಿಮಾರು ಒಳಗ ಮಲಗಿರ್ತಾವ" ಎಂದರು.

ನಾನು ಎದ್ದು ನಿಂತು ಕೇಳಿದೆ, "ಬೆಕ್ಕಿನ ಕಣ್ಣೂ ಹಂಗ ಏನ್ರಿ?"

"ಹೆಚ್ಚುಕಡಿಮಿ ಹಂಗ. ತಾಯಿ ಕಡಿಂದ ಒಂದು ಪಾಲು, ತಂದಿ ಕಡಿಂದ ಒಂದು ಪಾಲು. ಎರಡೂ ಕೂಡಿದಾಗ ಹೊರಗ ಕಾಣತೈತಿ."

ಅಂದು ಮನೆಗೆ ಹೇಗೆ ನಡೆದು ಬಂದೆನೋ. ಬಣ್ಣ ಹಾಕಿ ಒಣಗಲು ಕಟ್ಟಿದ ನೂಲು ಓಣಿಯುದ್ದಕ್ಕೂ ಗಾಳಿಗೆ ತೂಗುತ್ತಿತ್ತು. ಎದುರು ಬಂದ ಒಬ್ಬೊಬ್ಬರ ಮುಖದ ಹಿಂದೆಯೂ ನಾನು ಕಾಣದ ಎಷ್ಟೋ ಮುಖಗಳು ನಿದ್ದೆಯಲ್ಲಿರುವಂತೆ ಅನಿಸಿತು.

ಆಯಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಪಕ್ಕ ಕುಳಿತು ಹೇಳಿದೆ, "ಆಯಿ, ಈ ಕಣ್ಣು ಬರಾಕ ಅವ್ವನ ತವರೊಂದ ಸಾಲೂದಿಲ್ಲಂತ. ಅಪ್ಪನ ಕಡಿಂದಾನೂ ಬಂದಿರಬೇಕಂತ."

ಅವ್ವನ ರಾಟಿ ನಿಂತಿತು. ಆಯಿ ಮೊರವನ್ನು ಕೆಳಗಿಟ್ಟಳು.

"ನನಗೊಬ್ಬಾಕಿ ತಂಗಿ ಇದ್ಲು, ಡಂಬಳದಾಗ" ಎಂದಳು. "ಇಂಥಾವ ಕಣ್ಣು. ಕೆರಿ ದಂಡ್ಯಾಗ ಕುಂತ್ರ ನೀರಿನ ಬಣ್ಣ ಆಗತಿದ್ವು. ಸಣ್ಣಾಕಿದ್ದಾಗ ಜ್ವರ ಬಂದು ಹೋದ್ಲು."

"ಇಷ್ಟು ದಿನ ಯಾಕ ಹೇಳಲಿಲ್ರಿ ಅತ್ತಿ?" ಅವ್ವ ಮೆಲ್ಲಗೆ ಕೇಳಿದಳು.

"ಈ ಕೂಸು ಹುಟ್ಟಿ ಕಣ್ಣು ತೆರದಾಗ ಆಕೀನ ನೋಡಿಧಂಗ ಆತು. ಆಕಿ ಕಣ್ಣಂದ್ರ ಇದೂ ಆಕಿ ಹಂಗ ಹೋದೀತಂತ ಅಂಜಿದ್ನಿ. ನಿನ್ನ ತವರಿನ್ಯಾವ ಅಂದು ಅಂದು, ನಾನೂ ಅದನ್ನ ನಂಬಿಬಿಟ್ನಿ."

ಅವ್ವ ಎದ್ದು ಒಳಗೆ ಹೋಗಿ ಆಯಿಗೆ ನೀರು ತಂದುಕೊಟ್ಟಳು. ತವರಿನ ಕಣ್ಣೆಂಬ ಮಾತು ಮನೆಯಲ್ಲಿ ಮತ್ತೆಂದೂ ಬರಲಿಲ್ಲ.

ಬೇಸಿಗೆ ಸೂಟಿಯಲ್ಲಿ ಮೂವರೂ ಬಸ್ಸು ಹತ್ತಿ ಡಂಬಳಕ್ಕೆ ಹೋದೆವು. ಕೆರೆಯ ಏರಿಯ ಮೇಲೆ ರೊಟ್ಟಿಬುತ್ತಿ ಬಿಚ್ಚಿ ಉಂಡೆವು. ಆಯಿ ತನ್ನ ತಂಗಿಯ ಹಟ, ಅವಳ ಉದ್ದ ಲಂಗ, ಆಡಿನ ಮರಿಯನ್ನು ಎತ್ತಿಕೊಂಡು ತಿರುಗುತ್ತಿದ್ದುದು ಎಲ್ಲ ಹೇಳಿದಳು. ಅವ್ವ ಬಿಡದೆ ಕೇಳುತ್ತಿದ್ದಳು, "ಆಮ್ಯಾಲ ಏನಾತ್ರಿ?" ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ನನಗೆ ಇಬ್ಬರ ದನಿಯೂ ದೂರ ದೂರ ಹೋಗುತ್ತ, ಯಾವುದು ಯಾರದೆಂದು ತಿಳಿಯದಾಯಿತು.